ಒಳಗೆ ಯಾರೂ ಇಳಿದಿಲ್ಲ

"ಬನಿಯನ್ನೂ ಬಿಚ್ಚಯ್ಯ. ಬಿಳೀದು ಕ್ಯಾಮೆರಾದಲ್ಲಿ ಹೊಳೆಯುತ್ತೆ. ನಿನ್ನ ಮೈ ಬಣ್ಣ ಹೆಂಗಿದ್ರೂ ಒಳಗೆ ಕಾಣಲ್ಲ, ಆ ಚಿಂತೆ ಇಲ್ಲ."

ಹೀಗೆಂದು ಹರೀಶ್ ಸರ್ ನಕ್ಕರು. ಜೊತೆಗಿದ್ದ ಇಬ್ಬರು ಮೇಷ್ಟ್ರೂ ನಕ್ಕರು. ನನ್ನ ಭಾವ ಮರಿಯಪ್ಪ ಬನಿಯನ್ನು ಬಿಚ್ಚಿ, ಮಡಚಿ ನನ್ನ ಕೈಗೆ ಕೊಟ್ಟ. ಅವನ ಮಗಳು ಯಶಸ್ವಿನಿ ಲ್ಯಾಪ್‌ಟಾಪಿನಿಂದ ಕತ್ತೆತ್ತಲಿಲ್ಲ.

ನಾವು ರಾಯಚೂರು ಕಡೆಯವರು. ನಾಗಪುರಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇತವಾರಿಯಿಂದ ವಾಡಿಯ ಗೋದಾಮುಗಳವರೆಗೆ ನಾವು ಇಳಿಯದ ಗಟಾರವಿಲ್ಲ. ಭಾವ ಒಳಗೆ, ನಾನು ಮೇಲೆ ಹಗ್ಗ ಹಿಡಿದು. ಹೀಗಿರುವಾಗ ನಮ್ಮ ಯಶಸ್ವಿನಿ ಎಂಜಿನಿಯರಿಂಗ್ ಓದಿ, ಮನುಷ್ಯ ಇಳಿಯದೆಯೇ ಗಟಾರ ಬಳಿಯುವ ಯಂತ್ರ ಮಾಡುತ್ತೇನೆಂದು ಸಂಶೋಧನೆಗೆ ಸೇರಿದಾಗ, ಭಾವ ಪೂರಾ ಬಸ್ತಿಗೆ ಜಿಲೇಬಿ ಹಂಚಿದ್ದ. ನಾಲ್ಕು ವರ್ಷ ಅವಳು ದುಡಿದಳು. ಯಂತ್ರಕ್ಕೆ ಅವಳ ಗೈಡ್ ಹರೀಶ್ ಸರ್ 'ಮುಕ್ತಿ' ಎಂದು ಹೆಸರಿಟ್ಟರು. ಲೇಖನಗಳಲ್ಲಿ ತಮ್ಮ ಹೆಸರನ್ನು ಮೊದಲು ಇಟ್ಟುಕೊಂಡರು. ಅವಳ ಪ್ರಬಂಧ ಅವರ ಸಹಿಯಿಲ್ಲದೆ ಎಂಟು ತಿಂಗಳಿಂದ ಅವರ ಕಪಾಟಿನಲ್ಲಿ ಕೊಳೆಯುತ್ತಿತ್ತು.

ಕಾಲೇಜಿನ ತೊಟ್ಟಿಯಲ್ಲಿ ಮರಳು ಎತ್ತಿದ ಮುಕ್ತಿ, ನಿಜವಾದ ಗಟಾರದಲ್ಲಿ ಬಟ್ಟೆ, ಕೂದಲು, ಗಟ್ಟಿಯಾದ ಹೇಲು ಸಿಕ್ಕಿದ್ದೇ ಕೈಚಾಚಿ ನಿಂತುಬಿಟ್ಟಿತು. ಸರಿಪಡಿಸಲು ಆರು ತಿಂಗಳು ಬೇಕು ಎಂದಳು ಯಶಸ್ವಿನಿ. ಸರಕಾರದ ಸಮಿತಿ ಮಾತ್ರ ಇವತ್ತೇ ಬರುವುದಿತ್ತು. "ನೋಡಿ ಮರಿಯಪ್ಪ, ನಾವೆಲ್ಲ ಕನ್ನಡದವರು," ಎಂದು ಹರೀಶ್ ಸರ್ ನಿನ್ನೆ ಮನೆಗೇ ಬಂದಿದ್ದರು. ಹೊಸ್ತಿಲು ಮಾತ್ರ ದಾಟಲಿಲ್ಲ. "ನೀವು ಒಳಗಿದ್ದು ಐದು ಬಕೆಟ್ ತುಂಬಿಸಿ. ಸಂಜೆ ನಾನು ಸಹಿ ಹಾಕ್ತೀನಿ."

"ಅಪ್ಪ ಇಳಿಯಂಗಿಲ್ಲ ಸರ್," ಎಂದಿದ್ದಳು ಮಗಳು.

"ಸುಮ್ಕಿರವ್ವ. ಸಾವಿರ ಸಲ ಇಳಿದೀನಿ. ನಿನ ಸಲುವಾಗಿ ಒಂದ್ ಸಲ ಇಳಿಯಂಗಿಲ್ಲೇನು?" ಎಂದಿದ್ದ ಭಾವ.

ನಮ್ಮದೊಂದು ರೂಢಿಯಿದೆ. ಮೊದಲು ಆಚೀಚೆಯ ಎರಡು ಮುಚ್ಚಳ ತೆಗೆದು ಒಂದು ತಾಸು ಗಾಳಿಯಾಡಲು ಬಿಡುತ್ತೇವೆ. ಆಮೇಲೆ ಗೋಡೆ ನೋಡುತ್ತೇವೆ. ಜಿರಳೆಗಳು ಓಡಾಡುತ್ತಿದ್ದರೆ ಇಳಿಯಬಹುದು, ಇಲ್ಲದಿದ್ದರೆ ಬೀಡಿ ಸೇದುತ್ತ ಕೂರಬೇಕು. ಇವತ್ತು ಆಚೀಚೆಯ ಮುಚ್ಚಳಗಳ ಮೇಲೆ ಶಾಮಿಯಾನ ಹಾಕಿ ಕುರ್ಚಿ ಜೋಡಿಸಿದ್ದರು. ಸಾಹೇಬರಿಗೆ ಅಸಹ್ಯವಾಗಬಾರದೆಂದು ಬೆಳಿಗ್ಗೆಯೇ ಗುಂಡಿಗೆ ಡಬ್ಬಿಗಟ್ಟಲೆ ಫಿನೈಲೂ ಜಿರಳೆ ಔಷಧಿಯೂ ಹೊಡೆದಿದ್ದರು.

ಭಾವ ಬಗ್ಗಿ ನೋಡಿದ. "ಒಂದೂ ಇಲ್ಲಲೋ ಬಸವಂತ."

"ಔಷಧಿಗೆ ಸತ್ತಿರಬೇಕು."

"ಹೌದು, ಔಷಧಿಗೇ," ಎಂದು ಅವನು ಇಳಿದ. ಔಷಧಿಯ ಮಾತನ್ನು ಮೊದಲು ಆಡಿದವನು ನಾನೇ. ಈ ನಾಲಿಗೆ ಆಗಲೇ ಬಿದ್ದುಹೋಗಬೇಕಿತ್ತು.

ಅವನ ಕಂಕುಳಿಗೆ ಕಟ್ಟಿದ ಹಗ್ಗ ಯಂತ್ರದ ರಾಟೆ ಹಾದು, ಕೆಂಪು ಹಾಸಿನ ಅಡಿಯಲ್ಲಿ ನುಸುಳಿ, ಪರದೆಯ ಹಿಂದಿದ್ದ ನನ್ನ ಕೈಗೆ ಬರುತ್ತಿತ್ತು. ಅದು ಯಾರಿಗೂ ಕಾಣಬಾರದಿತ್ತು. ಒಂದು ಜಗ್ಗು ಬಂದರೆ ಅವನು ಚೆನ್ನಾಗಿದ್ದಾನೆ ಎಂದರ್ಥ. ನನ್ನ ಪಕ್ಕದ ಮೇಜಿನಲ್ಲಿ ಯಶಸ್ವಿನಿ ಇದ್ದಳು. ಗುಂಡಿಯೊಳಗೆ ಇಳಿಬಿಟ್ಟಿದ್ದ, ಅವಳೇ ಮಾಡಿದ ವಿಷಗಾಳಿಯ ಮೀಟರಿನ ಅಂಕಿ ಅವಳ ಲ್ಯಾಪ್‌ಟಾಪಿನಲ್ಲೂ ಹೊರಗಿನ ದೊಡ್ಡ ಸ್ಕ್ರೀನಿನಲ್ಲೂ ಮೂಡುತ್ತಿತ್ತು. ಹತ್ತು ದಾಟಿದರೆ ಹೊರಗೆ ಬರಬೇಕು, ನೂರು ದಾಟಿದರೆ ಮೂಗಿಗೆ ನಾತವೂ ಗೊತ್ತಾಗುವುದಿಲ್ಲ ಎಂದು ನಮಗೆ ಕಲಿಸಿದವಳು ಅವಳೇ. ಆಗ ಅಂಕಿ ನಾಲ್ಕಿತ್ತು.

ಸಮಿತಿ ಬಂತು. ಇನ್ನು ಮುಂದೆ ಈ ದೇಶದಲ್ಲಿ ಯಾವ ಮನುಷ್ಯನೂ ಗಟಾರಕ್ಕೆ ಇಳಿಯಬೇಕಾಗಿಲ್ಲ ಎಂದು ಹರೀಶ್ ಸರ್ ಮರಾಠಿಯಲ್ಲಿ ಭಾಷಣ ಮಾಡಿದರು. ಮುಕ್ತಿಯ ಬಕೆಟ್ ಕೆಳಗೆ ಹೋಯಿತು, ತುಂಬಿಕೊಂಡು ಬಂತು. ಚಪ್ಪಾಳೆಯೋ ಚಪ್ಪಾಳೆ. ಭಾವ ಬೊಗಸೆಯಲ್ಲಿ ಬಾಚಿ ತುಂಬಿಸಿದ್ದನ್ನು ಸಾಹೇಬರು ಮೂಗು ಮುಚ್ಚಿಕೊಂಡು ಮೆಚ್ಚಿದರು.

ಎರಡನೇ ಬಕೆಟ್ಟಿಗೆ ತಳದ ಹೂಳು ಕದಡಿರಬೇಕು. ಅಂಕಿ ಏರಿತು. ಹನ್ನೆರಡು. ಮೂವತ್ತೆಂಟು. ಯಶಸ್ವಿನಿ ಎದ್ದು ನಿಂತಳು. ಪರದೆ ಸರಿಸಿ ಹರೀಶ್ ಸರ್ ಒಳನುಗ್ಗಿದರು.

"ಏನದು ಸ್ಕ್ರೀನ್ ಮೇಲೆ ಕೆಂಪು? ಹೋದ ವಾರದ ಲ್ಯಾಬ್ ಫೈಲ್ ಹಾಕು."

"ಸರ್, ಅಪ್ಪನ್ನ ಹೊರಗ ತೆಗೀಬೇಕು!"

"ಇನ್ನು ಮೂರೇ ಬಕೆಟ್ಟು. ನಿಮ್ಮಪ್ಪನಿಗೆ ಇದೇನು ಹೊಸದಾ? ಹುಟ್ಟಿದ್ದೇ ಅದರಲ್ಲಿ." ತಾವೇ ಕೀಲಿ ಒತ್ತಿದರು. ದೊಡ್ಡ ಸ್ಕ್ರೀನಿನ ಮೇಲೆ ಹಸಿರು ನಾಲ್ಕು ಮೂಡಿತು. ಲ್ಯಾಪ್‌ಟಾಪಿನಲ್ಲಿ ತೊಂಬತ್ತಾರು ಇತ್ತು.

ನಾನು ಒಂದು ಜಗ್ಗು ಕೊಟ್ಟೆ. ಉತ್ತರ ಬರಲಿಲ್ಲ. ಇನ್ನೊಂದು ಕೊಟ್ಟೆ. ಎಳೆಯಲು ಎದ್ದರೆ ಸರ್ ಹಗ್ಗದ ಮೇಲೆ ಬೂಟುಗಾಲಿಟ್ಟು ನಿಂತರು. "ಎಳೆದ್ರೆ ಇವಳ ಪಿಎಚ್‌ಡಿ ಇಲ್ಲಿಗೇ ಖತಮ್. ಯೋಚನೆ ಮಾಡು."

ನಾನು ಯಶಸ್ವಿನಿಯ ಮುಖ ನೋಡಿದೆ. ಒಂದು ಗಳಿಗೆ ಅವಳು ಅಲ್ಲಾಡಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನೂ ಅಲ್ಲಾಡಲಿಲ್ಲ. ಆಮೇಲೆ ಅವಳು ಬಂದು ಎರಡೂ ಕೈಯಿಂದ ಅವರ ಎದೆಗೆ ನೂಕಿದಳು.

"ಕಾಲ್ ತೆಗಿಯಲೇ ಸೂಳೆಮಗನ!"

ಇಬ್ಬರೂ ಸೇರಿ ಎಳೆದೆವು. ಹಾಸು ಉದ್ದಕ್ಕೂ ಹರಿದು ಹಗ್ಗ ಮೇಲೆದ್ದಿತು, ಕುರ್ಚಿಗಳು ಉರುಳಿದವು, ದೊಡ್ಡ ಸಾಹೇಬರು ಅಂಗಾತ ಬಿದ್ದರು. ಗುಂಡಿಯ ಬಾಯಲ್ಲಿ ಭಾವನ ತಲೆ ಕಂಡಿತು, ಕುತ್ತಿಗೆ ವಾಲಿತ್ತು. ಕೆಂಪು ಹಾಸಿನ ಮೇಲೆ ಮಲಗಿಸಿದೆವು.

"ಹಾ ಕೋಣ್ ಆಹೇ?" ಇವನು ಯಾರು ಎಂದು ಕೇಳಿದರು ಸಾಹೇಬರು.

"ಯಾರೋ ಕುಡುಕ ಸರ್, ಬಿದ್ದಿದ್ದಾನೆ," ಎಂದು ಹರೀಶ್ ಸರ್ ಹಿಂದಿಯಲ್ಲಿ ಹೇಳಿದರು. ನನಗೆ ಕನ್ನಡದಲ್ಲಿ, "ಪರದೆ ಹಿಂದೆ ಎಳ್ಕೊಂಡ್ ಹೋಗು, ಜಲ್ದಿ," ಎಂದರು.

ಯಶಸ್ವಿನಿ ಮೈಕಿನ ಹತ್ತಿರ ಹೋದಳು. "ಮಾಝಾ ಬಾಪ್ ಆಹೇ," ಎಂದಳು. ನಮ್ಮಪ್ಪ. "ಐದೂ ಬಕೆಟ್ ಇವರೇ ತುಂಬಬೇಕಿತ್ತು. ಈ ಯಂತ್ರ ಒಂದು ಬಕೆಟ್ಟೂ ತುಂಬಿಲ್ಲ. ಮಾಡಿದವಳು ನಾನೇ, ನಾನೇ ಹೇಳ್ತೀನಿ." ಯಾರೋ ಮೈಕಿನ ತಂತಿ ಕಿತ್ತರು.

ಆಂಬುಲೆನ್ಸಿಗೆ ಫೋನ್ ಮಾಡಿದವರು ಒಬ್ಬರೂ ಇಲ್ಲ. ವಿಡಿಯೋ ಮಾಡಿದವರು ಬಹಳ. ನಾನು ಭಾವನನ್ನು ಹೆಗಲಿಗೆ ಹಾಕಿಕೊಂಡು ಸಾಹೇಬರ ಕಾರಿನ ಬಿಳಿ ಟವೆಲಿನ ಸೀಟಿನ ಮೇಲೆ ಮಲಗಿಸಿದೆ. "ಅರೇ, ಸೀಟ್ ಖರಾಬ್ ಹೋಗಾ!" ಎಂದು ಚೀರಿದ ಡ್ರೈವರ್. ಅವನ ಕುತ್ತಿಗೆ ಪಟ್ಟಿ ಹಿಡಿದೆ. ನನ್ನ ಕೈಯ ಹೇಲು ಅವನ ಕೆನ್ನೆಗೆ ಹತ್ತಿದ ಮೇಲೆ ಗಾಡಿ ಚಾಲೂ ಆಯಿತು.

ಹರೀಶ್ ಸರ್ ಕಿಟಕಿ ಬಡಿಯುತ್ತ ಏನೋ ಕೂಗುತ್ತಿದ್ದರು. ಯಶಸ್ವಿನಿ ಆ ಕಡೆ ನೋಡಲಿಲ್ಲ. ಬೆರಳು ಹಾಕಿ ಅಪ್ಪನ ಬಾಯೊಳಗಿನ ಕೆಸರು ತೆಗೆದಳು, ಬಾಯಿಗೆ ಬಾಯಿಟ್ಟು ಊದಿದಳು. ಅವಳು ಊದಿದಾಗ ಅವನ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಅಮರಾವತಿ ರಸ್ತೆಯ ಲಾರಿಗಳ ನಡುವೆ ಕಾರು ನಿಂತಿತು. ಅವಳು ಉಸಿರು ತೆಗೆದುಕೊಳ್ಳಲು ತಲೆ ಎತ್ತಿದಾಗಲೆಲ್ಲ ನಾನು ಆ ಎದೆಯನ್ನೇ ನೋಡುತ್ತಿದ್ದೆ. ಅದು ತಾನಾಗಿ ಏಳುವುದನ್ನು ನಾನಿನ್ನೂ ನೋಡಿರಲಿಲ್ಲ.