ಬೆನ್ನ ಹಿಂದಿನ ಪೊರಕೆ

ಬಸರಾಳಿನಲ್ಲಿ ತಿಥಿ ಮುಗಿಸಿಕೊಂಡು ಅತ್ತೆ ಸೊಸೆ ಹಿಂದಿನ ಸಂಜೆ ಮಂಡ್ಯಕ್ಕೆ ಬಂದಿದ್ದರು. ಬೆಳಗಾದರೆ ಎದುರುಮನೆಯಲ್ಲಿ ರಾಗಿ ಬೀಸುವ ಸದ್ದು, ಬೀದಿಯಲ್ಲಿ ಕಬ್ಬಿನ ಗಾಡಿಗಳ ಸಾಲು, ಬಾವಿಕಟ್ಟೆಯಲ್ಲಿ ಕೊಡಗಳ ಜಗಳ. ಗಂಡ ಅಂಕಯ್ಯ ಮಣ್ಣಾದ ಮೇಲೆ ಸೊಸೆ ಇಂದ್ರಮ್ಮನ ಕಣ್ಣಿಗೆ ಬಿದ್ದ ಮೊದಲ ಮಾಮೂಲಿ ಬೆಳಗು ಅದು.

ಅತ್ತೆ ಹೊಂಬಾಳಮ್ಮ ಗಾಡಿ ಹತ್ತುತ್ತಾ ಹೇಳಿದಳು: "ಅಸ ಕರೆಯೋರಿಲ್ಲ, ಓಯ್ತೀನಿ. ಸಂಜೆಗೆ ನಿನ್ನ ಮೈದುನನ್ನ ಕಳುಸ್ತೀನಿ. ಸಾಕ್ಷಿ ಯೋಳೋಗಂಟ ಇಲ್ಲೇ ಇರು. ಈ ಗಾಡಿ ಕೆರೆ ಏರಿ ದಾಟೋಗಂಟ ಮಾತ್ರ ಪರ್ಕೆ ಮುಟ್ಬ್ಯಾಡ ಕಣಮ್ಮಿ."

ಊರಿಗೆ ಹೊರಟವರ ಬೆನ್ನ ಹಿಂದೆಯೇ ಮನೆ ಗುಡಿಸುವಂತಿಲ್ಲ. ಹಾಗೆ ಗುಡಿಸುವುದು ಹೆಣ ಎತ್ತಿದಾಗ ಮಾತ್ರ. ಮೈಸೂರಿನಲ್ಲಿ ಬಿ.ಎ. ಓದಿದ ಇಂದ್ರಮ್ಮನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೂ ಪೊರಕೆ ಹಿಡಿದು ನಡುಬಾಗಿಲಲ್ಲಿ ನಿಂತು ಕಾದಳು. ಗಂಡನ ಹೆಣ ಈ ಮನೆಯಿಂದ ಆಸ್ಪತ್ರೆಗೆ ಹೋಗಿ, ಅಲ್ಲಿಂದ ನೇರವಾಗಿ ಬಸರಾಳಿನ ಹೊಲ ಸೇರಿತ್ತು. ಮುಂದಿನ ಕೋಣೆಗೆ ಪೋಲೀಸರು ಬೀಗ ಹಾಕಿದ್ದರಿಂದ ಅವನ ಹಿಂದೆ ಯಾರೂ ಗುಡಿಸಿರಲಿಲ್ಲ. ನಿನ್ನೆ ಸಂಜೆ ಪೇದೆಯೊಬ್ಬ ಬಂದು ಬೀಗ ತೆಗೆದು, "ನಮ್ಮ ಕೆಲಸ ಆಯ್ತಮ್ಮ, ಇನ್ನು ತೊಳ್ಕೊಳಿ" ಎಂದು ಹೇಳಿ ಹೋಗಿದ್ದ.

ತೊಳೆಯಬೇಕಾದವರು ಯಾರು? ಅಂಕಯ್ಯ ಸತ್ತದ್ದು ಇದೇ ಮಾತಿಗೆ.

ಮಂಡ್ಯ ಜಿಲ್ಲೆಯಾದ ಮೇಲೆ ಕೋರ್ಟು ಕಚೇರಿಗೆಂದು ಬರುವವರಿಗೆ ಉಳಿಯಲು ಜಾಗವಿರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಾಗಿದ್ದ ಅಂಕಯ್ಯ ಮನೆಯ ಮುಂದಿನ ಕೋಣೆಯನ್ನು ಎರಡು ದಿನ, ನಾಲ್ಕು ದಿನ ಎಂದು ಬಾಡಿಗೆಗೆ ಬಿಡುತ್ತಿದ್ದ. ಅಡುಗೆ ಅವರದು, ಸೌದೆ ಅವರದು, ನೀರು ಬಾವಿಯದು. ಬರುವಾಗ ನಾವು ಗುಡಿಸಿ ಕೊಡುತ್ತೇವೆ, ಹೋಗುವಾಗ ನೀವು ಗುಡಿಸಿ ಕೊಡಿ ಎನ್ನುವುದೊಂದೇ ಅವನ ಕರಾರು. ಜಾಣರು ಮೊದಲು ಗುಡಿಸಿ, ಆಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ಎದ್ದು ಹೋಗುತ್ತಿದ್ದರು. ಶಕುನಕ್ಕೂ ಮೋಸವಿಲ್ಲ, ಮನೆಗೂ ಮೋಸವಿಲ್ಲ.

ಮಳವಳ್ಳಿ ಕಡೆಯ ದೊಡ್ಡಸಿದ್ದಯ್ಯ ಆ ಜಾತಿಯವನಲ್ಲ. ದಾಯಾದಿಯ ಜೊತೆಗಿನ ಗದ್ದೆ ವ್ಯಾಜ್ಯಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬಂದ. ದಿನವೂ ಬಾಡು ಬೇಯಿಸಿದರು. ಮೂಳೆ, ಬೂದಿ ಎಲ್ಲ ಬಚ್ಚಲಿನ ಮೋರಿಗೆ ಹೋಯಿತು. ಸುಣ್ಣದ ಗೋಡೆಯ ಮೇಲೆ ಎಲೆಯಡಿಕೆಯ ಉಗುಳು ಹರಿಯಿತು. ತೀರ್ಪಿನ ದಿನ ಬೆಳಗ್ಗೆ ಗಂಟು ಕಟ್ಟಿ ಹೊರಟು ನಿಂತರು.

"ಗೌಡ್ರೇ, ಗುಡಿಸಿಟ್ಟು ಹೊರಡಿ," ಎಂದ ಅಂಕಯ್ಯ.

"ನಾನೇನು ನಿಮ್ಮನೆ ಆಳೇನ್ಲಾ?"

"ಆಳಲ್ಲ. ಉಂಡೋರು ಎಲೆ ಎತ್ಬೇಕು, ಅಷ್ಟೇಯ."

"ತೀರ್ಪು ಕೇಳಕ್ಕೆ ಓಯ್ತಾ ಇವ್ನಿ. ಇವತ್ತು ಪರ್ಕೆ ಮುಟ್ಟಿದ್ರೆ ಗದ್ದೆ ಕೈ ಬುಟ್ಟು ಓಯ್ತದೆ. ಬಾಡಿಗೆ ಕೊಟ್ಟಿಲ್ವಾ? ನಿನ್ನೆಡ್ತಿ ಕೈಲಿ ಗುಡುಸ್ಕೊ."

"ಬಿಡಿ, ಅವರು ಹೋದ ಮೇಲೆ ನಾನೇ ಗುಡಿಸ್ತೀನಿ," ಎಂದು ಇಂದ್ರಮ್ಮ ಒಳಗಿನಿಂದ ಹೇಳಿದಳು.

"ನೀನು ಬಿ.ಎ. ಓದಿದ್ದು ಇವನು ಚೀಪಿದ ಮೂಳೆ ಎತ್ತಕ್ಕಾ?" ಎಂದು ಅಂಕಯ್ಯ ರೇಗಿದ. ಮೂಲೆಯಲ್ಲಿದ್ದ ಪೊರಕೆ ಕಿತ್ತುಕೊಂಡ. ದೊಡ್ಡಸಿದ್ದಯ್ಯನ ಒಂದು ಕಾಲು ಇನ್ನೂ ಹೊಸಲಿನ ಮೇಲಿತ್ತು. ಅಂಕಯ್ಯ ಬಗ್ಗಿ ಒಂದೇ ಸಲ ಬೀಸಿದ. ಎಲೆ, ಕಸ, ಒಂದು ಮೂಳೆಚೂರು ಹೋಗಿ ಅವನ ಹಿಮ್ಮಡಿಗೆ ಬಿದ್ದವು. ಅವನ ಹೆಂಡತಿ ಸಣ್ಣತಾಯಮ್ಮ, "ಅಯ್ಯೋ, ಬ್ಯಾಡಿ ಸ್ವಾಮಿ!" ಎಂದು ಕಿರುಚಿದಳು. ದೊಡ್ಡಸಿದ್ದಯ್ಯ ಕಾಲು ಕೊಡವಿಕೊಂಡ. ಮೆಟ್ಟಿಲಿಳಿದು ಹೋದ.

ಅವತ್ತು ಮಧ್ಯಾಹ್ನ ಬಚ್ಚಲಿನ ನೀರು ಮೇಲಕ್ಕೇರಿತು. ಅಂಕಯ್ಯ ಪಕ್ಕದ ಮನೆಯ ಫಕ್ರುದ್ದೀನನ ಹತ್ತಿರ ಹಾರೆ ಇಸಿದುಕೊಂಡು ಬಂದು, ಬೈಯುತ್ತಾ, ಮೋರಿಯ ಗಂಡಿ ತಿವಿಯುತ್ತಿದ್ದ. ಆಗ ಮುಂಬಾಗಿಲಿನಿಂದ ಕೂಗು ಕೇಳಿತು.

"ಲೇ ಗುಮಾಸ್ತ! ಬಾರ್ಲಾ, ಗುಡುಸ್ ಬಾ!"

ಅಂಕಯ್ಯ ಹಾರೆಯನ್ನು ಮೋರಿಯಲ್ಲೇ ಬಿಟ್ಟು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಮುಂದಕ್ಕೆ ಹೋದ. ಇಂದ್ರಮ್ಮ ಹಿಂದೆಯೇ ಹೋದಳು. ದೊಡ್ಡಸಿದ್ದಯ್ಯ ಕೋರ್ಟಿನಲ್ಲಿ ಸೋತಿದ್ದ. ಹೆಂಡತಿಯನ್ನು ಬಸ್ಸು ಹತ್ತಿಸಿ, ಸಂತೆಯಲ್ಲಿ ಹೊಸ ಮಚ್ಚು ಕೊಂಡು ಬಂದಿದ್ದ.

"ನನ್ನ ಗದ್ದೆ ಗುಡುಸಾಕ್ಬುಟ್ಯಲ್ಲಲಾ!"

ಮೊದಲ ಏಟು ಕತ್ತಿನ ಬುಡಕ್ಕೆ ಬಿತ್ತು. ಎರಡನೆಯದನ್ನು ತಡೆಯಲು ಅಂಕಯ್ಯ ಕೈ ಎತ್ತಿದ, ಬೆರಳುಗಳು ಉದುರಿದವು. ಆಮೇಲೆ ಅವನು ಗೋಡೆಗೆ ಒರಗಿ ಕುಳಿತುಬಿಟ್ಟ, ಆ ಎಲೆಯಡಿಕೆಯ ಕಲೆಯ ಕೆಳಗೇ. ದೊಡ್ಡಸಿದ್ದಯ್ಯ ನಿಲ್ಲಿಸಲಿಲ್ಲ. ಕೈ ಸೋತಾಗ ಮಚ್ಚು ಬಿಸಾಡಿ, ಜಗಲಿಯ ಮೇಲೆ ಕುಳಿತು, ನೀರು ಕೇಳಿದ.

ಇಂದ್ರಮ್ಮ ತಂದು ಕೊಟ್ಟಳು. ಯಾಕೆ ಕೊಟ್ಟೆ ಎಂದು ಆಮೇಲೆ ಇನ್‌ಸ್ಪೆಕ್ಟರು ಕೇಳಿದಾಗ, "ನೀರು ಕೇಳಿದ, ಕೊಟ್ಟೆ," ಎಂದಳು.

ಅತ್ತೆಯ ಗಾಡಿ ಈಗ ಕೆರೆ ಏರಿ ದಾಟಿರಬೇಕು ಎಂದು ಪೊರಕೆ ಹಿಡಿದು ನಿಂತ ಇಂದ್ರಮ್ಮ ಅಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಸಣ್ಣತಾಯಮ್ಮ ನಿಂತಿದ್ದಳು. ಅವಳ ಹಿಂದೆ ದೊಡ್ಡಸಿದ್ದಯ್ಯನ ತಮ್ಮ ನಿಂಗಯ್ಯ. ಮಳವಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರು.

"ಅವತ್ತು ಗುಡುಸ್ದೆ ಓಗಿದ್ವಲ್ಲವ್ವ," ಎಂದಳು ಸಣ್ಣತಾಯಮ್ಮ. "ತೊಳ್ದು ಕೊಟ್ಟು ಓಗಾನ ಅಂತ ಬಂದೆ."

ಇಂದ್ರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಪಕ್ಕಕ್ಕೆ ಸರಿದಳು. ಸಣ್ಣತಾಯಮ್ಮ ಸೆರಗು ಸಿಕ್ಕಿಸಿ, ಕೊಳಗದಲ್ಲಿ ನೀರು ತಂದು, ತೆಂಗಿನ ನಾರು ಹಿಡಿದು ಗೋಡೆಯ ಬುಡಕ್ಕೆ ಕುಳಿತಳು. ಕಲ್ಲುಚಪ್ಪಡಿಯ ಸಂದಿನಲ್ಲಿ ಕಪ್ಪಗೆ ಒಣಗಿದ್ದು ನೀರು ತಾಗಿದೊಡನೆ ಮತ್ತೆ ಕೆಂಪಾಯಿತು. ವಾಸನೆ ಎದ್ದಿತು. ನೀರು ಇಳಿಜಾರಿನಲ್ಲಿ ಹರಿದು ಬಚ್ಚಲಿಗೆ ಹೋಗಿ, ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತು.

ನಿಂಗಯ್ಯ ಒಳಗೆ ಬಂದು ಬಾಗಿಲು ಮುಚ್ಚಿದ.

"ಅತ್ತಿಗೆ ತೊಳೀಲಿ. ನಿನ್ ತಾವ ಒಂದ್ ಮಾತದೆ. ನಮ್ಮಣ್ಣ ಬಂದಾಗ ನಿನ್ನ ಗಂಡನ ಕೈಲಿ ಆರೆ ಇತ್ತಂತಲ್ಲ?"

"ಮೋರಿಯಲ್ಲಿತ್ತು."

"ಕೈಲಿತ್ತು ಅನ್ನು. ಆರೆ ಎತ್ಕಂಡು ಒಡಿಯಕ್ಕೆ ಬಂದ, ಜೀವ ಉಳುಸ್ಕೊಳ್ಳಕ್ಕೆ ನಮ್ಮಣ್ಣ ಮಚ್ಚು ಬೀಸ್ದ ಅನ್ನು. ಎದ್ರಿಕಂಡು ಆರೆ ಬಚ್ಚಿಟ್ಟಿದ್ದೆ ಅನ್ನು. ಕಂಡೋಳು ನೀನೊಬ್ಳೇ. ಓದ್ದೋಳಲ್ವಾ, ಬಾಯಿಪಾಠ ಬ್ಯಾಗ ಬತ್ತದೆ."

ಅಂಕಯ್ಯನನ್ನು ಕೊಂದದ್ದು ಸಾಲದು, ಕೊಲ್ಲಲು ಬಂದವನೂ ಅವನೇ ಆಗಬೇಕಿತ್ತು.

"ಮೋರಿಯಲ್ಲಿತ್ತು," ಎಂದಳು ಇಂದ್ರಮ್ಮ.

ಅವನು ಕೆನ್ನೆಗೆ ಹೊಡೆದ. ಕಿವಿಯಲ್ಲಿ ಜೇನುಗೂಡು ಎದ್ದಂತಾಯಿತು. ಮುಡಿ ಹಿಡಿದು ಹಣೆಯನ್ನು ಬಾಗಿಲುವಾಡಕ್ಕೆ ಬಡಿದ. ಒಮ್ಮೆ. ಇನ್ನೊಮ್ಮೆ. ಬಾಯಿಗೆ ಉಪ್ಪುಪ್ಪಾದ ರುಚಿ ಬಂತು.

"ನಿನ್ನತ್ತೆ ಗಾಡಿ ಓಗದ್ನ ನೋಡ್ಕಂಡೇ ಬಂದಿವ್ನಿ. ಇದೇ ಗ್ವಾಡೆಗೆ ನಿನ್ನೂ ಒರಗುಸ್ತೀನಿ. ತೊಳಿಯಕ್ಕೆ ಅತ್ತಿಗೆ ಎಂಗೂ ಅವ್ಳೆ."

ಅವಳನ್ನು ನೆಲಕ್ಕೆ ತಳ್ಳಿ ಅವನು ಬಚ್ಚಲಿಗೆ ಹೋದ. ಮೋರಿಯೊಳಗೆ ಮೊಣಕೈವರೆಗೆ ಕೈಯಿಟ್ಟು, ಸಿಕ್ಕಿಕೊಂಡಿದ್ದ ಹಾರೆಯನ್ನು ಕಿತ್ತು ತಂದು, ಮುಂದಿನ ಕೋಣೆಯ ಮೂಲೆಗೆ ಒರಗಿಸಿದ.

"ಇಲ್ಲಿತ್ತು. ತಿಳೀತಾ? ಇಲ್ಲಿತ್ತು."

ಆಮೇಲೆ ಸಣ್ಣತಾಯಮ್ಮನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕೊಳಗದ ಕಂಠಕ್ಕೆ ತೋಳು ಚಾಚಿ, ಕೆಸರು ತೊಳೆದುಕೊಳ್ಳತೊಡಗಿದ. ಅವಳು ಉಜ್ಜುತ್ತಲೇ ಅಳುತ್ತಿದ್ದಳು.

"ಅವ್ವ, ಸುಳ್ಳು ಅಂತ ನಂಗೂ ಗೊತ್ತು. ಆದ್ರೂ ನನ್ನ ತಾಳಿ ಉಳುಸವ್ವ."

"ಬಾಯ್ ಮುಚ್ಕಂಡು ಉಜ್ಜು," ಎಂದು ನಿಂಗಯ್ಯ ಕಾಲಿನಿಂದ ಅವಳ ಸೊಂಟಕ್ಕೆ ತಿವಿದ.

ಇಂದ್ರಮ್ಮ ಎದ್ದದ್ದು ಅವನಿಗೆ ಕೇಳಿಸಲಿಲ್ಲ. ಬಳೆ ಇದ್ದಿದ್ದರೆ ಕೇಳಿಸುತ್ತಿತ್ತು. ಅವನ್ನು ಬಸರಾಳಿನಲ್ಲಿ ಒಡೆದು ಹಾಕಿದ್ದರು.

ಹಾರೆ ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು. ಭಾರಕ್ಕೇ ಇಳಿಯಿತು. ಕೊಳಗದ ಕಂಠದ ಮೇಲಿದ್ದ ತೋಳಿನಿಂದ ಒಣಸೌದೆ ಮುರಿದಂಥ ಸದ್ದು ಬಂತು. ಕೊಳಗ ಉರುಳಿತು. ನಿಂಗಯ್ಯ ಮೊದಲು ಕೂಗಲಿಲ್ಲ, ತನ್ನ ಕೈ ಜೋತಾಡುವುದನ್ನು ನೋಡಿದ. ಆಮೇಲೆ ಕೂಗಿದ. ಎದ್ದು ಅವಳ ಮೇಲೆ ಬರಲು ಹೋದವನ ಮೊಣಕಾಲಿಗೆ ಎರಡನೆಯ ಏಟು ಬಿತ್ತು. ಕೆಂಪು ನೀರಿನಲ್ಲಿ ಬಿದ್ದು ಹೊರಳಿದ. ಅವಳು ಮೂರನೆಯ ಸಲ ಎತ್ತಿದಳು. ಈ ಸಲ ಕಣ್ಣು ಅವನ ನೆತ್ತಿಯ ಮೇಲಿತ್ತು. ಎದೆಯೊಳಗೆ ಏನೂ ಇರಲಿಲ್ಲ, ಕೋಪವೂ ಇರಲಿಲ್ಲ.

"ತಲೆಗೆ ಬ್ಯಾಡ ಕಣವ್ವ," ಎಂದಳು ಸಣ್ಣತಾಯಮ್ಮ, ನಾರು ಕೈಯಲ್ಲಿ ಹಿಡಿದೇ. "ಗ್ವಾಡೆ ಈಗ್ತಾನೆ ಉಜ್ಜಿವ್ನಿ."

ಇಂದ್ರಮ್ಮ ಹಾರೆ ಇಳಿಸಿದಳು.

"ಯೋಳ್ತೀನಿ ಕಣೇ! ಪೋಲೀಸ್ನೋರ್ಗೆ ಯೋಳ್ತೀನಿ!" ನಿಂಗಯ್ಯ ಹಲ್ಲು ಕಚ್ಚಿಕೊಂಡು ನರಳಿದ.

"ಹೇಳು. ಹಾರೆ ಎಲ್ಲಿತ್ತು ಅಂತ ಅವರು ಕೇಳ್ತಾರೆ. ನೀನೇ ಮೋರಿಯಿಂದ ಕಿತ್ತು ತಂದೆ ಅಂತಲೂ ಹೇಳು."

ಮುರಿದ ತೋಳಿಗೆ ಮೋರಿಯ ಕೆಸರು ಮೊಣಕೈವರೆಗೆ ಇನ್ನೂ ಮೆತ್ತಿಕೊಂಡಿತ್ತು. ಅವನು ಅದನ್ನು ನೋಡಿದ. ಗೋಡೆ ಹಿಡಿದು ಎದ್ದ. ಸಣ್ಣತಾಯಮ್ಮನೂ ಏಳಲು ಹೋದಳು.

"ನೀನು ಕೂತ್ಕೊ," ಎಂದಳು ಇಂದ್ರಮ್ಮ. "ಅವನು ಮುಂದೆ ಹೋಗಲಿ."

ನಿಂಗಯ್ಯ ಕುಂಟುತ್ತಾ ಹೊಸಲಿಗೆ ಕಾಲಿಟ್ಟ. ಇಂದ್ರಮ್ಮ ಪೊರಕೆ ತೆಗೆದುಕೊಂಡಳು. ಬಗ್ಗಿ, ಗೋಡೆಯ ಬುಡದಿಂದ ಗುಡಿಸಿಕೊಂಡು ಬಂದಳು. ಒಣಗಿದ ಎಲೆ, ಬೂದಿ, ಕೆಂಪು ನೀರು, ಎಲ್ಲವನ್ನೂ ಅವನ ಹಿಮ್ಮಡಿಯವರೆಗೆ ತಂದು, ಹಿಮ್ಮಡಿಯ ಮೇಲೆಯೇ ಹಾಯಿಸಿ, ಹೊಸಲು ದಾಟಿಸಿದಳು. ಬೆನ್ನ ಹಿಂದೆ ಕಡ್ಡಿಯ ಸದ್ದು ಕೇಳಿ ಅವನು ತಿರುಗಿದ. ಹಾರೆ ಕಂಡಾಗ ಬಾರದ ಹೆದರಿಕೆ ಈಗ ಮುಖಕ್ಕೆ ಬಂತು.

"ಗುಡುಸ್ಬ್ಯಾಡ ಕಣೇ! ಲೇ, ಗುಡುಸ್ಬ್ಯಾಡ!"

ಅವಳು ಮೆಟ್ಟಿಲವರೆಗೆ ಗುಡಿಸಿದಳು. ಅವನು ಬೀದಿ ತಿರುಗುವವರೆಗೂ ಗುಡಿಸುತ್ತಲೇ ಇದ್ದಳು. ಅಂಕಯ್ಯನಿಗೆ ಸಲ್ಲಬೇಕಾಗಿದ್ದದ್ದೂ ಅದರಲ್ಲೇ ಸಂದಿತು.

ಸಣ್ಣತಾಯಮ್ಮ ಉಳಿದದ್ದನ್ನು ತೊಳೆದಳು. ಇಂದ್ರಮ್ಮ ಬಚ್ಚಲಿಗೆ ಇಳಿದು ಹಾರೆಯಿಂದ ಮೋರಿ ತಿವಿದಳು. ಬೂದಿಯ ಗಟ್ಟಿ ಒಡೆಯಿತು, ಮೂಳೆ ಕಿತ್ತುಬಂತು, ನಿಂತಿದ್ದ ನೀರು ಗುಳಗುಳನೆ ಹೋಯಿತು. ಗಂಡ ಅರ್ಧಕ್ಕೆ ಬಿಟ್ಟಿದ್ದ ಕೆಲಸ.

ಹೊರಡುವಾಗ ಸಣ್ಣತಾಯಮ್ಮ ಕೇಳಿದಳು: "ಏನಂತ ಯೋಳೀಯೆ ಅವ್ವ ಕೋರ್ಟ್ನಾಗೆ?"

"ಕಂಡದ್ದು."

ಸಣ್ಣತಾಯಮ್ಮ ತಲೆಯಾಡಿಸಿದಳು. ಕೊರಳಿನ ತಾಳಿಯನ್ನು ಒಮ್ಮೆ ಮುಟ್ಟಿಕೊಂಡು ಮೆಟ್ಟಿಲಿಳಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಇಂದ್ರಮ್ಮ ಪೊರಕೆಯನ್ನು ಕದದ ಹಿಂದಿಟ್ಟು, ಬರಿಗೈಯಲ್ಲಿ ನಿಂತಿದ್ದಳು.

ಆಮೇಲೆ ಹಾರೆಯನ್ನು ಬೂದಿ ಹಾಕಿ ಉಜ್ಜಿ, ತೊಳೆದು, ಒರೆಸಿ, ಪಕ್ಕದ ಮನೆಗೆ ಒಯ್ದಳು. ಫಕ್ರುದ್ದೀನ್ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟೆ ಕಾಯಿಸುತ್ತಿದ್ದವನು ಎದ್ದು ನಿಂತ. ಅವಳ ಊದಿದ ಕೆನ್ನೆ ನೋಡಿ, ಕಣ್ಣು ಬೆಂಕಿಯ ಕಡೆ ತಿರುಗಿಸಿದ.

"ಅರೇ, ನೀವ್ಯಾಕೆ ತಂದ್ರಿ ಅಮ್ಮ? ನಾನೇ ಬಂದು ತಗೋತಿದ್ನಲ್ಲ."

"ಅವರು ಇಸಿದುಕೊಂಡಿದ್ದು. ಕೊಡಬೇಕಾಗಿತ್ತು." ಹಾರೆ ಚಾಚಿ ಕೇಳಿದಳು: "ಯಾತಕ್ಕೆ ಕೊಟ್ಟಿರಿ ಅಂತ ಕೋರ್ಟಲ್ಲಿ ಕೇಳಿದರೆ ಹೇಳ್ತೀರಾ?"

"ಮೋರಿಗೆ ಅಂತ ಕೊಟ್ಟೆ. ಅದ್ರಲ್ಲಿ ಮುಚ್ಚೋದೇನೈತೆ? ಯಾರು ಕೇಳಿದ್ರೂ ಹೇಳ್ತೀನಿ." ಅವನು ಹಾರೆ ಇಸಿದುಕೊಂಡು ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ಕೊಟ್ಟಾಗ ಅದು ಇಷ್ಟು ಬೆಳ್ಳಗಿರಲಿಲ್ಲ.

"ಮೋರಿ ಸಾಫ್ ಆಯ್ತಾ ಅಮ್ಮ?"

"ಆಯ್ತು," ಎಂದಳು ಇಂದ್ರಮ್ಮ.