ಹಗೇವಿನೊಳಗಿನ ಬೆಳಕು

ಕಂದಿಕೆರೆಯ ಕೊಲ್ಲಾಪುರಮ್ಮನ ಮನೆಯಂಗಳಕ್ಕೆ ಕಾಂಕ್ರೀಟ್ ಹಾಕಿಸುವುದೆಂದು ಗೊತ್ತಾದ ಮೇಲೆ ಮನೆಯವರಿಗೆ ಹಗೇವಿನ ನೆನಪಾಯಿತು. ನೆಲದೊಳಗಿನ ಆ ರಾಗಿಗುಂಡಿಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಆರು ವರ್ಷದ ಹಿಂದೆ ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದನ್ನು ಮತ್ತೆ ಯಾರೂ ತೆಗೆದಿರಲಿಲ್ಲ. ಮಗ ತಿಮ್ಮರಾಜುವಿನ ಮೈ ಆ ಬಾಯಲ್ಲಿ ತೂರುವಂಥದ್ದಲ್ಲ. ಇಳಿದು ರಾಗಿ ತುಂಬಿ ಕೊಡುವ ಕೆಲಸ ಸೊಸೆ ಮೀನಾಳ ಪಾಲಿಗೆ ಬಂತು.

ಇಳಿಯುವ ಮೊದಲು ದೀಪ ಬಿಟ್ಟು ನೋಡಬೇಕು, ಆರಿದರೆ ಒಳಗೆ ಕೆಟ್ಟ ಗಾಳಿ. ಅದು ಅತ್ತೆ ಕೊಲ್ಲಾಪುರಮ್ಮ ಕಂಡುಕೊಂಡು ಬಂದ ರೂಢಿ. ಲಾಟೀನಿಗೆ ಸೀಮೆಎಣ್ಣೆ ಇರಲಿಲ್ಲ. ಮೀನಾ ತನ್ನ ಮೊಬೈಲಿನ ಟಾರ್ಚು ಹಾಕಿ, ದಾರ ಕಟ್ಟಿ ಇಳಿಬಿಟ್ಟಳು.

ಅತ್ತೆ ಬಗ್ಗಿ ನೋಡಿದರು. "ಚೆನ್ನಾಗಿ ಉರೀತೈತೆ ಕಣೇ. ಇಳಿ."

ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಸೊಸೆಯ ಬುದ್ಧಿಯೂ ಅತ್ತೆಯ ಅನುಭವವೂ ಅಂದು ಒಟ್ಟಿಗೇ ಕೈಕೊಟ್ಟವು. ತಿಮ್ಮರಾಜು ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ.

ಎರಡು ಮಂಕರಿ ರಾಗಿ ತುಂಬಿ ಮೇಲೆ ಕಳಿಸುವಷ್ಟರಲ್ಲಿ ಮೀನಾಳಿಗೆ ತಲೆ ಸಿಡಿಯತೊಡಗಿತು. ಓಡಿ ಬಂದವಳಂತೆ ಏದುಸಿರು. ಏಳಲು ಹೋದರೆ ತೊಡೆಗಳು ಉರಿದವು, ಮೊಣಕಾಲು ಮಾತು ಕೇಳಲಿಲ್ಲ. ಆಗ ಅವಳಿಗೆ ತನ್ನದೇ ಪಾಠ ನೆನಪಾಯಿತು. ಜೀವಕೋಶ ಸಕ್ಕರೆಯನ್ನು ಒಡೆದು ಶಕ್ತಿ ಮಾಡಿಕೊಳ್ಳುತ್ತದೆ. ಅದಕ್ಕೆ ಆಮ್ಲಜನಕ ಬೇಕು, ಬಿಡುವುದು ಇಂಗಾಲದ ಡೈಆಕ್ಸೈಡ್. ನಿದ್ದೆಯಲ್ಲಿರುವ ಕಾಳೂ ಇದನ್ನೇ ಮಾಡುತ್ತದೆ, ನಿಧಾನಕ್ಕೆ. ಈ ಗುಂಡಿಯ ರಾಗಿ ಇಷ್ಟು ವರ್ಷ ಕಾಳುಕಾಳಾಗಿ ಉಸಿರಾಡಿ ಒಳಗಿನ ಆಮ್ಲಜನಕವನ್ನು ತಿನ್ನುತ್ತ ಬಂದಿತ್ತು. ಅದು ಬಿಟ್ಟ ಗಾಳಿ ಭಾರ, ತಳದಲ್ಲೇ ನಿಲ್ಲುತ್ತದೆ. ಅವಳು ಕೂತಿದ್ದದ್ದೂ ತಳದಲ್ಲೇ. ಆಮ್ಲಜನಕ ಸಾಲದೆ ಅವಳ ಕಾಲುಗಳೂ ಈಗ ಸಕ್ಕರೆಯನ್ನು ಅರ್ಧಂಬರ್ಧ ಒಡೆಯುತ್ತಿದ್ದವು. ಎಲ್ಲ ಗೊತ್ತಾಯಿತು, ಗೊತ್ತಾಗಿ ಏನೂ ಪ್ರಯೋಜನವಾಗಲಿಲ್ಲ.

"ರೀ" ಎಂದಳು. ಬರೀ ಉಸಿರು ಹೊರಬಂತು. ಹಗ್ಗ ಜಗ್ಗಿದಳು.

"ಹಗ್ಗ ಸಾಲ್ದೇನೋ," ಎಂದು ತಿಮ್ಮರಾಜು ಇನ್ನಷ್ಟು ಸಡಿಲ ಬಿಟ್ಟ. ಆ ಹಗ್ಗ ಅವಳ ಮಡಿಲಿಗೇ ಬಂದು ಬಿತ್ತು. ಅಳು ಬಂತು, ಅಳುವುದಕ್ಕೂ ಉಸಿರು ಸಾಲಲಿಲ್ಲ.

"ಯಾಕವ್ವ, ಸದ್ದೇ ಇಲ್ಲ?" ಎಂದು ಮೇಲೆ ತಿಮ್ಮರಾಜು ತಾಯಿಯನ್ನು ಕೇಳಿದ.

"ಬೆಳಕು ಕಾಣ್ತೈತಲ್ಲೋ. ಕೂತು ಸುಧಾರಿಸ್ಕತಾವ್ಳೆ, ಬುಡು."

ರಾಗಿಯ ಮೇಲೆ ಬಿದ್ದಿದ್ದ ಮೊಬೈಲು ತಣ್ಣಗೆ ಬೆಳಗುತ್ತಿತ್ತು. ಮೀನಾಳಿಗೆ ಅದರ ಮೇಲೆ ಹೇಳಲಾರದ ಸಿಟ್ಟು ಬಂತು. ಅದು ಬೆಳಗುವವರೆಗೂ ತನ್ನನ್ನು ಯಾರೂ ಎಳೆಯುವುದಿಲ್ಲ. ತೆವಳಿ ಕೈಗೆ ತೆಗೆದುಕೊಂಡಳು. ಆರಿಸಲು ನೋಡಿದರೆ ಬೆವೆತ ಬೆರಳಿಗೆ ಪರದೆ ತೆರೆಯಲಿಲ್ಲ. ಬೆಳಕನ್ನು ಕೆಳಮುಖ ಮಾಡಿ ರಾಗಿಯೊಳಗೆ ತುರುಕಿ, ಮೇಲೆ ಎರಡು ಬೊಗಸೆ ಎಳೆದು, ಅಲ್ಲೇ ಬೋರಲಾದಳು.

ಹಗೇವು ಕತ್ತಲಾಯಿತು.

"ಲೇ ತಿಮ್ಮ, ದೀಪ ಆರೋಯ್ತು. ಎಳಿಯೋ, ಎಳಿ."

ಹಗ್ಗ ಸೊಂಟವನ್ನು ಕಚ್ಚಿತು. ಹಗೇವಿನ ಬಾಯಿಗೆ ಭುಜ ತರಚಿತು.

ತೆಂಗಿನ ಗರಿಯ ಮೇಲೆ ಮಲಗಿಸಿ ಅತ್ತೆ ಸೆರಗಿನಿಂದ ಗಾಳಿ ಹಾಕಿದರು. ಬಹಳ ಹೊತ್ತಿಗೆ ಮೀನಾಳಿಗೆ ಮಾತು ಬಂತು. "ಅದು ಆರಲಿಲ್ಲ ಅತ್ತೆ. ನಾನೇ ಮುಚ್ಚಿದ್ದು."

ಕೊಲ್ಲಾಪುರಮ್ಮ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಬೆಳಗಿನಿಂದಲೂ ತಗಡಿನ ಡಬ್ಬಿಯ ತುಂಬ ಇದ್ದ ಕೊಬ್ಬರಿ ಎಣ್ಣೆಯನ್ನು ಹಣತೆಗೆ ಸುರಿದು, ಹಚ್ಚಿ, ಸಣ್ಣ ಬಕೆಟಿನಲ್ಲಿಟ್ಟು ಗುಂಡಿಗೆ ಇಳಿಬಿಟ್ಟರು. ಅರ್ಧ ದಾರಿಯಲ್ಲೇ ದೀಪ ಕುಗ್ಗಿ ಆರಿಹೋಯಿತು. ಅದರ ಕೆಳಗೆ, ಮೀನಾಳನ್ನು ಎಳೆದಾಗ ರಾಗಿ ಜಾರಿದ ಕಡೆ, ಮೊಬೈಲು ಇನ್ನೂ ಬೆಳಗುತ್ತಿತ್ತು.

"ಉಸಿರೇ ಇಲ್ದಿದ್ದನ್ನ ಉಸಿರು ನೋಡಕ್ಕೆ ಬುಟ್ವಲ್ಲೇ, ತಾಯಿ," ಎಂದು ಅತ್ತೆ ಅಲ್ಲೇ ಕುಸಿದು ಕೂತು ಮೀನಾಳ ಕೈ ಹಿಡಿದುಕೊಂಡರು. ಮೀನಾ ಆ ಕೈ ಬಿಡಿಸಿಕೊಳ್ಳಲಿಲ್ಲ.