ಗೋರುಬಲೆ ಕಂಡ ಹರಕೆಯ ಮಡು

ಮನುವಿನ ಬೊಗಸೆಗೆ ಕಿರುಮೀನಾಗಿ ಬಂದು ಅಭಯವನ್ನು ಬೇಡಿದ ನಾರಾಯಣನಿಗೆ ಮೊದಲ ವಂದನೆ. ಪ್ರಳಯವನ್ನು ದಾಟಿಸಬಲ್ಲವನೇ ಒಬ್ಬನ ಅಂಗೈಯಲ್ಲಿ ಆಶ್ರಯ ಕೇಳಿದನೆಂಬುದನ್ನು ನೆನೆದು ನನ್ನ ಕಥೆಯನ್ನು ಆರಂಭಿಸುತ್ತೇನೆ.

ನಾನು ಒಂದು ಗೋರುಬಲೆ. ಅಘನಾಶಿನಿಯ ಅಳಿವೆಯ ಬಳಿಯ ಕುಲುಮೆಯಲ್ಲಿ, ಮುರಿದ ಗಾಡಿಯ ಚಕ್ರದ ಪಟ್ಟಿಯಿಂದ ಜನಿಸಿದೆ. ಕಬ್ಬಿಣದ ಚೌಕಟ್ಟು, ಕೆಳದುಟಿಗೆ ಸಾಲುಹಲ್ಲು, ಬೆನ್ನಿಗೆ ಬಲೆಯ ಚೀಲ, ನೆತ್ತಿಗೆ ಬಿದಿರ ಕೋಲು. ಹೊಳೆಯ ತಳವನ್ನು ಗೋರಿ ಬಳಚೆಂಬ ಚಿಪ್ಪುಜೀವಿಯನ್ನು ಎತ್ತುವುದು ನನ್ನ ಕಾಯಕ.

ನನ್ನ ಮೊದಲ ಒಡೆಯ ಜಟ್ಟಪ್ಪ ಅಂಬಿಗ ಸೊಂಟಮಟ್ಟದ ನೀರಿನಲ್ಲಿ ನಿಂತೇ ನನ್ನನ್ನು ಜಾಲಾಡುತ್ತಿದ್ದ. ಎಳೆಯ ಬಳಚು, ಏಡಿ, ಮರಿಮೀನು ನಿಂತಲ್ಲಿಯೇ ಜಾರಿ ತಳ ಸೇರುತ್ತಿದ್ದವು. ಅವನ ಕಾಲಾನಂತರ ನಾನು ಮಗಳು ದುರ್ಗಿಯ, ಅಳಿಯ ಬೊಮ್ಮಯ್ಯನ ದೋಣಿಯೇರಿದೆ. ಅಲ್ಲಿ ನನ್ನ ಬಾಯಿಂದ ಬಿದ್ದುದೆಲ್ಲ ಬಿಸಿಲಿಗೆ ಕಾದ ದೋಣಿಯ ಹಲಗೆಯ ಮೇಲೆ ರಾಶಿಯಾಗುತ್ತಿತ್ತು.

ದುರ್ಗಿ ದೈವಭೀರು. ಎಳೆಯದನ್ನು ಮಾರುವವಳಲ್ಲ. ಎಲ್ಲವನ್ನೂ ಬುಟ್ಟಿಗೆ ತುಂಬಿಟ್ಟು, ಕೆಲಸ ಮುಗಿದ ಮೇಲೆ ದಡದ ಮಡುವಿಗೆ ಒಯ್ದು, ಅರಿಸಿನ ಹಾಕಿ, "ತಾಯೀ, ನಿನ್ನ ಮಕ್ಕಳು ನಿಂಗೇ" ಎಂದು ಸುರಿಯುತ್ತಿದ್ದಳು.

"ಬೇಗ ಮುಗ್ಸೇ. ನಿನ್ನ ಹೊಳಿ ಎಲ್ಲಿಗೂ ಓಡಿಹೋಗೂದಿಲ್ಲ" ಎಂದು ಬೊಮ್ಮಯ್ಯ ಕೆಣಕುತ್ತಿದ್ದ.

"ನಿಮಗೇನು ಗೊತ್ತು? ಇವು ದೊಡ್ಡಾದ್ರೇ ಅಲ್ವಾ ಬರೂ ವರ್ಷ ಒಲೆ ಉರಿಯೂದು?"

ಆದರೆ ವರುಷ ವರುಷಕ್ಕೂ ನನ್ನ ಚೀಲ ಹಗುರಾಯಿತು. ಹೊಳೆ ಬರಿದಾಗುತ್ತದೆಂಬ ಭಯದಲ್ಲಿ ದುರ್ಗಿ ಮತ್ತಷ್ಟು ಎಳೆಯದನ್ನು ಮಡುವಿಗೆ ಹೊತ್ತಳು.

ಮಾಘದ ಅಮಾವಾಸ್ಯೆಯ ಹಗಲು, ಎಂದೂ ಕಾಣದಷ್ಟು ನೀರು ಇಳಿಯಿತು. ಮಡುವಿನ ತಳ ಬಯಲಾಯಿತು. ಬೊಮ್ಮಯ್ಯನ ಹೆಗಲ ಮೇಲಿಂದ ನಾನೂ ನೋಡಿದೆ. ಕಪ್ಪು ಕೆಸರಿನಲ್ಲಿ ಉಗುರಿನಷ್ಟು ಉಗುರಿನಷ್ಟು ಚಿಪ್ಪುಗಳು, ಒಂದರ ಮೇಲೊಂದು ರಾಶಿಬಿದ್ದು, ಎಲ್ಲವೂ ಬಾಯ್ದೆರೆದು. ನಡುವೆ ಒಂದು ಹೆಣ್ಣೇಡಿ, ಹೊಟ್ಟೆಯಡಿ ಮೊಟ್ಟೆಗಳ ಗೊಂಚಲು ಹಾಗೆಯೇ ಇತ್ತು. ಬುಟ್ಟಿಯಲ್ಲಿ ಬಿಸಿಲುಂಡು ಸೋತವು ಕೆಸರಿನಲ್ಲಿ ಉಸಿರುಗಟ್ಟಿ ಸತ್ತಿದ್ದವು. ನನ್ನದು ಬರಿಯ ಗೋರುವಿಕೆ, ಕೊಲೆಯಲ್ಲ ಎಂದು ಅದುವರೆಗೆ ನಂಬಿದ್ದೆ.

ದುರ್ಗಿ ಕೈಯಲ್ಲಿದ್ದ ಅರಿಸಿನವನ್ನು ಸೀರೆಗೆ ಒರೆಸುತ್ತಲೇ ನಿಂತಳು. "ನಾ ದಿನಾ ಕೈಮುಗೀತಿದ್ದದ್ದು ಇದ್ಕೇನ್ರೀ?" ಎಂದಳು. "ನಿನ್ನಪ್ಪ ನೀರಾಗೇ ನಿಂತು ಜಾಲಾಡ್ತಿದ್ದ" ಎಂದ ಬೊಮ್ಮಯ್ಯ.

ಅಂದೇ ಅವನು, ಎಳೆಯವು ಸಂದಿಯಲ್ಲಿ ಜಾರಿಹೋಗಲೆಂದು, ನನ್ನ ಹಲ್ಲುಗಳಲ್ಲಿ ಒಂದು ಬಿಟ್ಟು ಒಂದನ್ನು ಕಿತ್ತ. ಮರುದಿನದಿಂದ ಪ್ರತಿ ಎಳೆತಕ್ಕೂ ನನ್ನ ಚೀಲವನ್ನು ನೀರಿನಲ್ಲಿಯೇ ಜಾಲಾಡಿದರು. ಉಳಿದ ಎಳೆಯದನ್ನು ದುರ್ಗಿ ಎತ್ತಿದ ತಾಣದಲ್ಲಿಯೇ ಬೊಗಸೆಯಿಂದ ಬಿಡುತ್ತಿದ್ದಳು. ಅರಿಸಿನವಿಲ್ಲ, ಮಾತಿಲ್ಲ.

ಈಗ ನಾನು ತುಕ್ಕು ಹಿಡಿದು ದೋಣಿಮನೆಯ ಮೂಲೆಯಲ್ಲಿದ್ದೇನೆ. ಬಿಟ್ಟವೆಲ್ಲ ಬದುಕಿದವೆಂದು ಹೇಳಲಾರೆ. ಕಣ್ಣಿಗೆ ಕಾಣದಲ್ಲಿಗೆ ಸುರಿದು ಬರುವುದು ಕರುಣೆಯಲ್ಲವೆಂಬುದನ್ನು ಮಾತ್ರ ಬಲ್ಲೆ. ಇದನ್ನು ಕೇಳಿದವರ ಬೊಗಸೆ ಸದಾ ತಂಪಾಗಿರಲಿ; ಅದರೊಳಗೆ ಬಂದ ಕಿರುಜೀವ ತನ್ನ ಮನೆ ಸೇರಲಿ; ಸರ್ವರಿಗೂ ಮಂಗಳವಾಗಲಿ.